ಫಾರ್ಮ್ಯಾಟ್ ಮಾಡುವ ಮೊದಲು: ಕೆಟ್ಟ ಕಂಪ್ಯೂಟರಿನಿಂದ ಮಾಹಿತಿ ತೆಗೆದಿಟ್ಟುಕೊಳ್ಳುವುದು ಹೇಗೆ

ಶಿಕಾರಿಪುರದ ಕಡೆಯ ಒಂದು ಜೆರಾಕ್ಸ್ ಅಂಗಡಿಯ ಅಕ್ಕ ಕಳೆದ ಬೇಸಿಗೆಯಲ್ಲಿ ಫೋನ್ ಮಾಡಿದ್ದರು. "ಅಣ್ಣ, ಸಿಸ್ಟಮ್ ಸುಮ್ನೆ ಸುಮ್ನೆ ಆಫ್ ಆಗುತ್ತೆ. ಎರಡು ಸಲ ಫಾರ್ಮ್ಯಾಟ್ ಮಾಡಿಸಿದ್ದಾಯ್ತು. ಮತ್ತೆ ಅದೇ ರಾಗ." ಎರಡು ಸಲದ ದುಡ್ಡು ಹೋಗಿತ್ತು. ಮೂರು ವರ್ಷ ಕೂಡಿಟ್ಟಿದ್ದ ಮದುವೆ ಕಾಗದದ ಡಿಸೈನ್‌ಗಳು ಹೋಗಿದ್ದವು. ನುಡಿ ತಂತ್ರಾಂಶವನ್ನು ಹೊಸದಾಗಿ ಹಾಕುವ ತನಕ ಪೆನ್‌ಡ್ರೈವ್‌ನಲ್ಲಿ ಉಳಿದಿದ್ದ ಹಳೆಯ ಫೈಲುಗಳಲ್ಲಿ ಕನ್ನಡದ ಒಂದಕ್ಷರವೂ ಓದಲು ಬರುತ್ತಿರಲಿಲ್ಲ. ಇಷ್ಟೆಲ್ಲ ಆದರೂ ಕಂಪ್ಯೂಟರ್ ಆಫ್ ಆಗುವುದು ಮಾತ್ರ ನಿಂತಿರಲಿಲ್ಲ.

ನಾನು ಶಿವಮೊಗ್ಗದಲ್ಲಿ ಹದಿನಾರು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೇನೆ. ಇಂಥ ಕತೆ ಕೇಳಿದಾಗೆಲ್ಲ ಹೊಟ್ಟೆ ಉರಿಯುತ್ತದೆ. ಯಾಕೆಂದರೆ ತನಗೆ ಏನಾಯಿತು ಅನ್ನುವುದನ್ನು ವಿಂಡೋಸ್ ತಾನೇ ಬರೆದಿಡುತ್ತಿರುತ್ತದೆ, ಗಂಟೆ ನಿಮಿಷ ಸಮೇತ. ಫಾರ್ಮ್ಯಾಟ್ ಮಾಡಿದರೆ ಮೊದಲು ಹೋಗುವುದೇ ಆ ಬರಹ. ಅದಕ್ಕೇ ಯಾರಿಗೆ ತೋರಿಸುವ ಮೊದಲೂ, ಏನನ್ನೂ ಬದಲಾಯಿಸುವ ಮೊದಲೂ, ಅರ್ಧ ಗಂಟೆ ಕೂತು ಆ ಮಾಹಿತಿಯನ್ನು ತೆಗೆದಿಟ್ಟುಕೊಳ್ಳಿ. ಇಲ್ಲಿ ಹೇಳುವ ಹೆಚ್ಚಿನ ಕೆಲಸಗಳಿಗೆ ಸ್ಕ್ರೂಡ್ರೈವರ್ ಬೇಡ. ವಿಂಡೋಸ್ 10 ಮತ್ತು 11 ಎರಡರಲ್ಲೂ ಇವು ನಡೆಯುತ್ತವೆ.

ಕಮಾಂಡ್‌ಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ಗಿರಾಕಿಗಳಿಗೆ ಫೋನಿನಲ್ಲಿ ಹೇಳುವ ಹಾಗೆ ನಾನಿಲ್ಲಿ ಒಂದೊಂದೇ ಅಕ್ಷರ ಬಿಡಿಸಿ ಬರೆಯುತ್ತೇನೆ.

ಮೊದಲು ಒಂದು ನೋಟ್‌ಬುಕ್

ಕಂಪ್ಯೂಟರ್ ಮುಟ್ಟುವ ಮೊದಲು ಪೆನ್ನು ಹಿಡಿಯಿರಿ. ತೊಂದರೆ ಯಾವತ್ತು ಶುರುವಾಯಿತು? ದಿನಕ್ಕೆ ಎಷ್ಟು ಸಲ? ಆ ಹೊತ್ತಿಗೆ ಏನು ಮಾಡುತ್ತಿದ್ದಿರಿ, ಪ್ರಿಂಟ್ ಕೊಟ್ಟಿದ್ದಿರಾ, ವಿಡಿಯೊ ನೋಡುತ್ತಿದ್ದಿರಾ, ಸುಮ್ನೆ ಬಿಟ್ಟಿದ್ದಿರಾ? ಅದಕ್ಕೆ ಸ್ವಲ್ಪ ಮುಂಚೆ ಹೊಸದೇನು ಬಂತು? ಹೊಸ ಪ್ರಿಂಟರ್, ಹೊಸ ರ‍್ಯಾಮ್, ವಿಂಡೋಸ್ ಅಪ್‌ಡೇಟ್, ಕೊನೆಗೆ ಟೇಬಲ್ ಜಾಗ ಬದಲಾಯಿಸಿದ್ದು ಕೂಡ ಲೆಕ್ಕಕ್ಕೆ ಬರುತ್ತದೆ. ಸದ್ದು ಬಂದರೆ ಅದನ್ನೂ ಬರೆಯಿರಿ. ಆನ್ ಮಾಡಿದಾಗ ಬೀಪ್ ಎಷ್ಟು ಸಲ, ಉದ್ದವೋ ಗಿಡ್ಡವೋ. ಯುಪಿಎಸ್ ಕುಂಯ್ ಅಂದಿತೋ ಇಲ್ಲವೋ.

ತೆರೆಯ ಮೇಲೆ ಏನಾದರೂ ಬರಹ ಬಂದರೆ ಅದನ್ನು ನೆನಪಿನಲ್ಲಿ ಇಟ್ಟುಕೊಳ್ಳಲು ಹೋಗಬೇಡಿ, ಫೋಟೊ ತೆಗೆಯಿರಿ. "ಏನೋ ಎರರ್ ಬಂತು" ಅಂದರೆ ನನಗೆ ಏನೂ ಗೊತ್ತಾಗುವುದಿಲ್ಲ. ಫೋನನ್ನು ನೇರವಾಗಿ ಹಿಡಿದು, ಫ್ಲ್ಯಾಶ್ ಆಫ್ ಮಾಡಿ, ಪೂರ್ತಿ ತೆರೆ ಬರುವ ಹಾಗೆ ತೆಗೆಯಿರಿ. ಕೆಳಗಿನ ಮೂಲೆಯ ಗಡಿಯಾರವೂ ಬಂದರೆ ಇನ್ನೂ ಒಳ್ಳೆಯದು.

ಗಡಿಯಾರ ಅಂದಾಗ ನೆನಪಾಯಿತು. ಕಂಪ್ಯೂಟರಿನ ಟೈಮನ್ನು ನಿಮ್ಮ ಫೋನಿನ ಟೈಮಿನ ಜೊತೆ ಹೋಲಿಸಿ ನೋಡಿ. ಮದರ್‌ಬೋರ್ಡಿನ ಸಣ್ಣ ಬಿಲ್ಲೆ ಸೆಲ್ ಸತ್ತಿದ್ದರೆ ಪ್ಲಗ್ ತೆಗೆದು ಹಾಕಿದಾಗೆಲ್ಲ ದಿನಾಂಕ ಹಿಂದಕ್ಕೆ ಹೋಗುತ್ತದೆ. ಆಗ ವಿಂಡೋಸ್ ಬರೆದಿಡುವ ಲಾಗ್‌ನಲ್ಲಿರುವ ಟೈಮೆಲ್ಲ ತಪ್ಪಾಗಿರುತ್ತದೆ, ಮುಂದಿನ ಲೆಕ್ಕ ಯಾವುದೂ ಕೂಡಿಬರುವುದಿಲ್ಲ. ವ್ಯತ್ಯಾಸ ಇದ್ದರೆ ಎಷ್ಟು ಅಂತ ಬರೆದುಕೊಳ್ಳಿ. ಸಿಆರ್2032 ಅಂತ ಕೇಳಿದರೆ ವಾಚ್ ಅಂಗಡಿಯಲ್ಲೂ ಆ ಸೆಲ್ ಸಿಗುತ್ತದೆ.

ಆಮೇಲೆ ಒಂದು ಪೆನ್‌ಡ್ರೈವ್‌ನಲ್ಲಿ ದಿನಾಂಕದ ಹೆಸರಿನ ಫೋಲ್ಡರ್ ಮಾಡಿ. ಮುಂದೆ ತೆಗೆಯುವ ಎಲ್ಲವೂ ಅದರೊಳಗೆ. ಒಂದು ಎಚ್ಚರಿಕೆ: ಹಾರ್ಡ್‌ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಇದ್ಯಾವುದನ್ನೂ ಮಾಡಬೇಡಿ. ಮೊದಲು ನಿಮ್ಮ ಫೋಟೊ, ಕಡತಗಳನ್ನು ಬೇರೆ ಕಡೆಗೆ ಕಾಪಿ ಮಾಡಿಕೊಳ್ಳಿ. ಜಾಸ್ತಿ ಬೆಲೆಬಾಳುವ ಡೇಟಾ ಇದ್ದರೆ ಕಂಪ್ಯೂಟರ್ ಆಫ್ ಮಾಡಿ, ಡೇಟಾ ರಿಕವರಿ ಮಾಡುವವರ ಹತ್ತಿರ ಒಯ್ಯಿರಿ. ಅಂಥ ಡಿಸ್ಕನ್ನು ಓಡಿಸಿದಷ್ಟೂ ಹಾಳಾಗುತ್ತದೆ.

ಕಂಪ್ಯೂಟರಿನ ಜಾತಕ

ಕೀಬೋರ್ಡಿನಲ್ಲಿ ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ. ಸಣ್ಣ ರನ್ ಪೆಟ್ಟಿಗೆ ಬರುತ್ತದೆ. ಎಂ-ಎಸ್-ಐ-ಎನ್-ಎಫ್-ಓ-3-2 ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಸಿಸ್ಟಮ್ ಇನ್ಫರ್ಮೇಶನ್ ತೆರೆದುಕೊಳ್ಳುತ್ತದೆ. ಮಾಡೆಲ್, ಪ್ರೊಸೆಸರ್, ಬಯೋಸ್ ದಿನಾಂಕ, ರ‍್ಯಾಮ್ ಎಷ್ಟು, ವಿಂಡೋಸ್ ಯಾವ ಬಿಲ್ಡ್, ಎಲ್ಲ ಒಂದೇ ಕಡೆ. ಫೈಲ್ ಮೆನುವಿನಲ್ಲಿ ಎಕ್ಸ್‌ಪೋರ್ಟ್ ಆರಿಸಿ ಪೆನ್‌ಡ್ರೈವ್‌ಗೆ ಉಳಿಸಿ. ಅಲ್ಲೇ ಸೇವ್ ಅಂತಲೂ ಇದೆ, ಆದರೆ ಅದು ಉಳಿಸುವ ಫೈಲನ್ನು ನೋಡಲು ಇನ್ನೊಂದು ವಿಂಡೋಸ್ ಕಂಪ್ಯೂಟರೇ ಬೇಕು. ಎಕ್ಸ್‌ಪೋರ್ಟ್ ಮಾಡಿದ್ದು ಸಾದಾ ಟೆಕ್ಸ್ಟ್, ಫೋನಿನಲ್ಲೂ ಓದಬಹುದು.

ಎಡಗಡೆ ಕಾಂಪೊನೆಂಟ್ಸ್ ಒಳಗೆ ಪ್ರಾಬ್ಲಮ್ ಡಿವೈಸಸ್ ಅಂತ ಇರುತ್ತದೆ. ಅದನ್ನೊಮ್ಮೆ ನೋಡಿ. ಖಾಲಿ ಇದ್ದರೆ ಒಳ್ಳೆಯದು. ರ‍್ಯಾಮ್ ಲೆಕ್ಕವನ್ನೂ ನೋಡಿ. ನೀವು 8 ಜಿಬಿ ಹಾಕಿಸಿದ್ದು ಇಲ್ಲಿ 4 ಅಂತ ತೋರಿಸಿದರೆ ಒಂದು ಕಡ್ಡಿ ಸರಿಯಾಗಿ ಕೂತಿಲ್ಲ ಅಂತ ಅನುಮಾನ ಪಡಬೇಕು. ನಮ್ಮ ಮಲೆನಾಡಿನ ಮಳೆಗಾಲದ ತೇವಕ್ಕೆ ಇದು ಜಾಸ್ತಿ. ಆಫ್ ಮಾಡಿ, ಪ್ಲಗ್ ಕಿತ್ತು, ಕಡ್ಡಿಯ ಹಿತ್ತಾಳೆ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ ಮತ್ತೆ ಕೂರಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಆದರೆ ಅದು ಆಮೇಲಿನ ಮಾತು. ಈಗ ಬರೀ ಬರೆದುಕೊಳ್ಳುವ ಕೆಲಸ.

ಇವೆಂಟ್ ವ್ಯೂವರ್: ಅಸಲಿ ಕತೆ ಇರುವ ಜಾಗ

ಇಲ್ಲಿ ಸ್ವಲ್ಪ ಹೊತ್ತು ಕೂರಿ. ಸ್ಟಾರ್ಟ್ ಮೆನುವಿನಲ್ಲಿ ಇವೆಂಟ್ ವ್ಯೂವರ್ ಅಂತ ಹುಡುಕಿ ತೆರೆಯಿರಿ. ಎಡಗಡೆ ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್. ತೆರೆದ ಕೂಡಲೇ ಕೆಂಪು, ಹಳದಿ ಗುರುತುಗಳ ಸಾಲು ಕಂಡು ಗಾಬರಿಯಾಗುತ್ತದೆ. ಗಾಬರಿ ಬೇಡ. ಚೆನ್ನಾಗಿ ಓಡುತ್ತಿರುವ ಕಂಪ್ಯೂಟರಿನಲ್ಲೂ ಇವು ಇರುತ್ತವೆ. ಉದಾಹರಣೆಗೆ ಡಿಸ್ಟ್ರಿಬ್ಯೂಟೆಡ್‌ಕಾಮ್ 10016 ಅನ್ನುವುದು ನೂರಾರು ಸಲ ಕಾಣಬಹುದು. ಅದನ್ನು ಬಿಟ್ಟುಬಿಡಬಹುದು ಅಂತ ಮೈಕ್ರೋಸಾಫ್ಟ್‌ನವರೇ ಹೇಳಿದ್ದಾರೆ.

ಇದನ್ನು ಒತ್ತಿ ಹೇಳಲು ಕಾರಣ ಇದೆ. "ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ" ಅಂತ ಫೋನ್ ಮಾಡುವ ಮೋಸಗಾರರು ಮೊದಲು ತೆರೆಸುವುದೇ ಇವೆಂಟ್ ವ್ಯೂವರನ್ನು. ಆ ಕೆಂಪು ಗುರುತುಗಳನ್ನು ತೋರಿಸಿ ಹೆದರಿಸುತ್ತಾರೆ, ಆಮೇಲೆ ದೂರದಿಂದಲೇ ಕಂಪ್ಯೂಟರ್ ನಡೆಸುವ ಎನಿಡೆಸ್ಕ್ ಥರದ್ದನ್ನು ಹಾಕಿಸಿ ಒಳಗೆ ಬರುತ್ತಾರೆ. ನೀವಾಗಿಯೇ ಕರೆಯದೆ ಯಾರೇ ಫೋನ್ ಮಾಡಿ ಇದನ್ನು ತೆರೆಯಿರಿ ಅಂದರೂ ಫೋನ್ ಇಟ್ಟುಬಿಡಿ.

ಈಗ ಬಲಗಡೆ ಫಿಲ್ಟರ್ ಕರೆಂಟ್ ಲಾಗ್ ಒತ್ತಿ. ಇವೆಂಟ್ ಐಡಿ ಬರೆಯುವ ಜಾಗದಲ್ಲಿ 41, 6008, 1001, 1074 ಅಂತ ನಡುವೆ ಕಾಮಾ ಹಾಕಿ ಬರೆದು ಓಕೆ ಕೊಡಿ. ಉಳಿದದ್ದೆಲ್ಲ ಮರೆಯಾಗಿ ಕಂಪ್ಯೂಟರ್ ಆಫ್ ಆದ, ರೀಸ್ಟಾರ್ಟ್ ಆದ ಕತೆ ಉಳಿಯುತ್ತದೆ. 1074 ಇದ್ದರೆ ಯಾರೋ ಬೇಕಂತಲೇ ಶಟ್‌ಡೌನ್ ಮಾಡಿದ್ದು, ಇಲ್ಲವೇ ಅಪ್‌ಡೇಟ್ ರೀಸ್ಟಾರ್ಟ್ ಮಾಡಿಸಿದ್ದು. ಮೂಲದ ಕಡೆ ಬಗ್‌ಚೆಕ್ ಅಂತಿರುವ 1001 ಇದ್ದರೆ ನೀಲಿ ತೆರೆ ಬಂದು, ಅಂದರೆ ದೊಡ್ಡ ದೋಷ ಸಿಕ್ಕಿ ವಿಂಡೋಸ್ ತಾನೇ ನಿಂತು, ಬಿದ್ದದ್ದು. ಕರ್ನಲ್-ಪವರ್ 41 ಇದ್ದರೆ ಸರಿಯಾಗಿ ಶಟ್‌ಡೌನ್ ಆಗದೆ ನಿಂತುಹೋದದ್ದು.

41ರ ಬಗ್ಗೆ ಒಂದು ವಿಷಯ ಎಷ್ಟೋ ಜನ ರಿಪೇರಿಯವರಿಗೂ ಹೊಳೆಯುವುದಿಲ್ಲ. ಅದರ ಎದುರಿಗಿರುವ ಟೈಮು ಆಫ್ ಆದ ಟೈಮಲ್ಲ. ಕರೆಂಟ್ ಹೋದಾಗ ಬರೆಯಲು ಕಂಪ್ಯೂಟರಿಗೆ ಪುರುಸೊತ್ತೆಲ್ಲಿ? ಮತ್ತೆ ಆನ್ ಆದಾಗ "ಹಿಂದಿನ ಸಲ ನಾನು ಸರಿಯಾಗಿ ಮುಚ್ಚಿರಲಿಲ್ಲ" ಅಂತ ಬರೆದುಕೊಳ್ಳುವುದು ಅದು. ಆಫ್ ಆದ ಟೈಮು ಬೇಕೆಂದರೆ 6008 ತೆರೆದು ಒಳಗಿನ ಸಾಲನ್ನು ಓದಬೇಕು. ಇಂಥ ದಿನ ಇಷ್ಟು ಗಂಟೆಗೆ ಆದ ಶಟ್‌ಡೌನ್ ಅನಿರೀಕ್ಷಿತ ಅಂತ ಅದರಲ್ಲಿ ಬರೆದಿರುತ್ತದೆ. ನಮಗೆ ಬೇಕಾದದ್ದು ಆ ಗಂಟೆ.

41ರ ಡೀಟೇಲ್ಸ್ ಟ್ಯಾಬನ್ನೂ ಒತ್ತಿ ನೋಡಿ. ಬಗ್‌ಚೆಕ್‌ಕೋಡ್ ಅನ್ನುವ ಸಾಲಿನಲ್ಲಿ 0 ಇದ್ದರೆ ನೀಲಿ ತೆರೆಯ ದಾಖಲೆ ಇಲ್ಲ ಅಂತ. ಒಂದೋ ಕರೆಂಟ್ ಕಡಿದಿದೆ, ಇಲ್ಲವೇ ಪೂರ್ತಿ ಹ್ಯಾಂಗ್ ಆಗಿದೆ. ಬೇರೆ ಅಂಕಿ ಇದ್ದರೆ ಬರೆದುಕೊಳ್ಳಿ. ಅದು ನಮ್ಮ ದಶಮಾನದ ಲೆಕ್ಕದಲ್ಲಿರುತ್ತದೆ, ನೀಲಿ ತೆರೆಯ ಕೋಡ್‌ಗಳು ಹದಿನಾರರ ಲೆಕ್ಕದಲ್ಲಿರುತ್ತವೆ. ಇಲ್ಲಿ 159 ಅಂತ ಇದ್ದದ್ದೇ ಅಲ್ಲಿ 9ಎಫ್. ಹುಡುಕುವಾಗ ಎರಡನ್ನೂ ಹಾಕಿ ನೋಡಿ. ಇದೇ ಜಾಗದಲ್ಲಿ ಕೊನೆಗೆ ಝಡ್ ಅಕ್ಷರ ಇರುವ ಟೈಮ್ ಕಂಡರೆ ಅದು ಲಂಡನ್ ಕಡೆಯ ಜಿಎಂಟಿ ಲೆಕ್ಕ. ನಮ್ಮ ಟೈಮು ಬೇಕೆಂದರೆ ಅದಕ್ಕೆ 5 ಗಂಟೆ 30 ನಿಮಿಷ ಕೂಡಿಸಿಕೊಳ್ಳಬೇಕು.

ಆ ಅಕ್ಕನ ಕಂಪ್ಯೂಟರಿನಲ್ಲಿ ನಾನು ಮಾಡಿದ್ದೂ ಇಷ್ಟೇ. ಎರಡನೇ ಫಾರ್ಮ್ಯಾಟ್ ಆಗಿ ಮೂರು ವಾರ ಕಳೆದಿತ್ತು, ಅಷ್ಟು ದಿನದ ಲಾಗ್ ಇತ್ತು. 6008 ಹದಿನೇಳು ಸಲ. ಎಲ್ಲ 41ರಲ್ಲೂ ಬಗ್‌ಚೆಕ್‌ಕೋಡ್ 0. ನೀಲಿ ತೆರೆ ಒಂದೂ ಇಲ್ಲ. ಹದಿನೇಳು ಟೈಮುಗಳನ್ನೂ ಕಾಗದದ ಮೇಲೆ ಸಾಲಾಗಿ ಬರೆದೆ. ಮೊದಲ ವಾರ ಎಲ್ಲವೂ ಬೆಳಿಗ್ಗೆ ಹತ್ತರಿಂದ ಒಂದರ ಒಳಗೆ. ಮರುವಾರ ಎಲ್ಲ ಮಧ್ಯಾಹ್ನ ಎರಡರ ಮೇಲೆ. ಮೂರನೇ ವಾರ ಮತ್ತೆ ಬೆಳಿಗ್ಗೆ. ನನಗೆ ಅರ್ಥವಾಗಲಿಲ್ಲ. ಅಕ್ಕ ಕಾಗದವನ್ನು ಕೈಗೆ ತೆಗೆದುಕೊಂಡು ನೋಡಿದವರೇ ಹೇಳಿದರು: "ಅಣ್ಣ, ಇದು ನಮ್ಮೂರಿಗೆ ತ್ರೀಫೇಸ್ ಕೊಡೋ ಹೊತ್ತು ಅಲ್ವಾ!"

ಸರಿಯಾಗಿ ಹೇಳಿದ್ದರು. ತ್ರೀಫೇಸ್ ಬಂದ ಕೂಡಲೇ ಸುತ್ತಲಿನ ತೋಟದ ಮೋಟರುಗಳೆಲ್ಲ ಒಟ್ಟಿಗೆ ಶುರುವಾಗುತ್ತಿದ್ದವು. ಆ ಒಂದು ಕ್ಷಣ ಅಂಗಡಿಯ ವೋಲ್ಟೇಜ್ ಕುಸಿಯುತ್ತಿತ್ತು. ಯುಪಿಎಸ್ ಬ್ಯಾಟರಿಗೆ ಹೊರಳುತ್ತಿತ್ತು. ಬ್ಯಾಟರಿಯಲ್ಲಿ ಜೀವ ಇರಲಿಲ್ಲ. ಕೆಲಸದ ಫೈಲುಗಳನ್ನು ಮುಚ್ಚಿ, ಕಂಪ್ಯೂಟರ್ ಓಡುತ್ತಿರುವಾಗಲೇ ಯುಪಿಎಸ್‌ನ ಪ್ಲಗ್ಗಿನ ಸ್ವಿಚ್ ಆರಿಸಿ ನೋಡಿದೆ. ಕುಂಯ್ ಅನ್ನುವಷ್ಟರಲ್ಲಿ ಎಲ್ಲ ಆಫ್. ಒಳಗಿದ್ದದ್ದು ನಾಲ್ಕು ವರ್ಷ ಹಳೆಯ 12 ವೋಲ್ಟ್ 7 ಆಂಪಿಯರ್ ಅವರ್ ಬ್ಯಾಟರಿ. ಅದನ್ನು ಬದಲಾಯಿಸಿದೆವು, ಸಾವಿರ ರೂಪಾಯಿ ಆಸುಪಾಸು ಆಯಿತು. ವಿಂಡೋಸ್ ಮುಟ್ಟಲೇ ಇಲ್ಲ.

ನಿಮ್ಮ ಲಾಗನ್ನು ಉಳಿಸಲು ಫಿಲ್ಟರ್ ತೆಗೆದುಹಾಕಿ, ಬಲಗಡೆ ಸೇವ್ ಆಲ್ ಇವೆಂಟ್ಸ್ ಆ್ಯಸ್ ಒತ್ತಿ ಪೆನ್‌ಡ್ರೈವ್‌ಗೆ ಹಾಕಿ. ಸಿಸ್ಟಮ್ ಒಂದು, ಅಪ್ಲಿಕೇಶನ್ ಒಂದು, ಎರಡನ್ನೂ ತೆಗೆಯಿರಿ. ಒಂದು ನಿರ್ದಿಷ್ಟ ಸಾಫ್ಟ್‌ವೇರ್ ಮಾತ್ರ ಮುಚ್ಚಿಹೋಗುತ್ತಿದ್ದರೆ ಕತೆ ಅಪ್ಲಿಕೇಶನ್ ಲಾಗ್‌ನಲ್ಲಿರುತ್ತದೆ.

ಇಷ್ಟೆಲ್ಲ ಕಷ್ಟ ಅನಿಸಿದರೆ ಸ್ಟಾರ್ಟ್ ಮೆನುವಿನಲ್ಲಿ ರಿಲೈಯಬಿಲಿಟಿ ಅಂತ ಟೈಪ್ ಮಾಡಿ. ದಿನದ ಲೆಕ್ಕದಲ್ಲಿ ಒಂದು ಗ್ರಾಫ್ ಬರುತ್ತದೆ, ತೊಂದರೆಯಾದ ದಿನದ ಮೇಲೆ ಕೆಂಪು ಗುರುತು. ಯಾವತ್ತು ಯಾವ ಅಪ್‌ಡೇಟ್, ಯಾವ ಸಾಫ್ಟ್‌ವೇರ್ ಒಳಗೆ ಬಂತು ಅನ್ನುವುದೂ ಅಲ್ಲೇ ಕಾಣುತ್ತದೆ. ಅದರ ಫೋಟೊ ಕಳಿಸಿದರೂ ನನಗೆ ಅರ್ಧ ಕೆಲಸ ಆದ ಹಾಗೆ.

ನೀಲಿ ತೆರೆ ಬರುತ್ತಿದ್ದರೆ

ನೀಲಿ ತೆರೆ ಕಣ್ಣು ಮಿಟುಕಿಸುವುದರೊಳಗೆ ಹೋಗುತ್ತದೆ ಅನ್ನುವ ದೂರು ಜಾಸ್ತಿ. ಈಚಿನ ವಿಂಡೋಸ್ 11ರಲ್ಲಿ ಅದು ಕಪ್ಪು ಬಣ್ಣಕ್ಕೂ ತಿರುಗಿದೆ. ಅದನ್ನು ನಿಲ್ಲಿಸಿಕೊಳ್ಳಬಹುದು. ರನ್ ಪೆಟ್ಟಿಗೆಯಲ್ಲಿ ಎಸ್-ವೈ-ಎಸ್-ಡಿ-ಎಂ, ಚುಕ್ಕಿ, ಸಿ-ಪಿ-ಎಲ್ ಅಂತ ಕೊಡಿ. ಅಡ್ವಾನ್ಸ್ಡ್ ಟ್ಯಾಬಿನಲ್ಲಿ ಸ್ಟಾರ್ಟಪ್ ಆ್ಯಂಡ್ ರಿಕವರಿ ಕೆಳಗಿನ ಸೆಟ್ಟಿಂಗ್ಸ್ ಒತ್ತಿ, ಆಟೊಮ್ಯಾಟಿಕಲಿ ರೀಸ್ಟಾರ್ಟ್ ಮುಂದಿನ ಟಿಕ್ ತೆಗೆಯಿರಿ. ಮುಂದಿನ ಸಲ ತೆರೆ ಹಾಗೇ ನಿಂತಿರುತ್ತದೆ, ನಿಧಾನವಾಗಿ ಫೋಟೊ ತೆಗೆಯಬಹುದು.

ಪ್ರತಿ ಸಲ ಬಿದ್ದಾಗಲೂ ವಿಂಡೋಸ್ ಸಾಮಾನ್ಯವಾಗಿ ಒಂದು ಸಣ್ಣ ಫೈಲನ್ನೂ ಬರೆದಿಡುತ್ತದೆ. ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗೆ ಮಿನಿಡಂಪ್ ಅಂತ ಇನ್ನೊಂದು ಫೋಲ್ಡರ್ ಇರುತ್ತದೆ. ಪೂರ್ತಿ ಫೋಲ್ಡರನ್ನು ಕಾಪಿ ಮಾಡಿ. ಅದರ ಹತ್ತಿರವೇ ಮೆಮರಿ ಡಾಟ್ ಡಿಎಂಪಿ ಅಂತ ಒಂದು ದೊಡ್ಡ ಫೈಲ್ ಇರಬಹುದು. ಅದನ್ನು ಅಳಿಸಬೇಡಿ, ಆದರೆ ಕೇಳಿದವರಿಗೆಲ್ಲ ಕೊಡಲೂ ಬೇಡಿ. ಆ ಹೊತ್ತಿಗೆ ಮೆಮರಿಯಲ್ಲಿ ಏನಿತ್ತೋ ಅದು ಅಲ್ಲಿರುತ್ತದೆ, ಪಾಸ್‌ವರ್ಡ್ ಕೂಡ ಇರಬಹುದು. ಮತ್ತೊಂದು ಮಾತು: ಕ್ಲೀನರ್ ಸಾಫ್ಟ್‌ವೇರುಗಳು ಕಸ ಅಂತ ತಿಳಿದು ಈ ಡಂಪ್‌ಗಳನ್ನು ಗುಡಿಸಿ ಹಾಕುತ್ತವೆ. ತೊಂದರೆ ಇರುವ ದಿನಗಳಲ್ಲಿ ಅವನ್ನು ಓಡಿಸಬೇಡಿ.

ಡಿಸ್ಕಿನ ನಾಡಿ

ಕಂಪ್ಯೂಟರ್ ನಿಧಾನ ಅಂದವರಿಗೆಲ್ಲ ನಾನು ಮೊದಲು ನೋಡುವುದು ಡಿಸ್ಕ್. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರನ್ನು ಅದರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ತೆರೆದರೆ ನೀಲಿ ಬಣ್ಣದಲ್ಲಿ ಗುಡ್ ಅಂತಲೋ ಹಳದಿಯಲ್ಲಿ ಕಾಶನ್ ಅಂತಲೋ ಬರುತ್ತದೆ. ತೆರೆಯ ಫೋಟೊ ಉಳಿಸಿಕೊಳ್ಳಿ. ತಿರುಗುವ ಹಾರ್ಡ್‌ಡಿಸ್ಕ್ ಆದರೆ 05, ಸಿ5, ಸಿ6 ಈ ಮೂರು ಸಾಲುಗಳ ಕೊನೆಯ ಅಂಕಣದಲ್ಲಿ ಸೊನ್ನೆಯೇ ಇರಬೇಕು. ಸೊನ್ನೆ ಬಿಟ್ಟು ಬೇರೆ ಇದ್ದು, ವಾರ ಬಿಟ್ಟು ನೋಡಿದಾಗ ಏರಿದ್ದರೆ, ಡಿಸ್ಕಿನ ತಟ್ಟೆ ಕೆಡುತ್ತಿದೆ. ಅವತ್ತೇ ಬ್ಯಾಕಪ್ ಮಾಡಿ.

ಸಿ7 ಮಾತ್ರ ಏರುತ್ತಿದ್ದರೆ ವಿಷಯ ಬೇರೆ. ಅದು ಡಿಸ್ಕಿಗೂ ಬೋರ್ಡಿಗೂ ನಡುವೆ ಮಾತು ತಪ್ಪುತ್ತಿದೆ ಅಂತ, ಸಾಮಾನ್ಯವಾಗಿ ಕೇಬಲ್ಲಿನ ದೋಷ. ಒಬ್ಬ ಮೇಷ್ಟ್ರ ಮನೆಯ ಕಂಪ್ಯೂಟರಿಗೆ "ಹಾರ್ಡ್‌ಡಿಸ್ಕ್ ಹೋಗಿದೆ" ಅಂದಿದ್ದರಂತೆ. 05, ಸಿ5, ಸಿ6 ಮೂರೂ ಸೊನ್ನೆ, ಸಿ7 ಮಾತ್ರ ಸಾವಿರ ದಾಟಿತ್ತು. ನೂರು ರೂಪಾಯಿಯೊಳಗಿನ ಸಾಟಾ ಕೇಬಲ್ ಹಾಕಿದ ಮೇಲೆ ಆ ಅಂಕಿ ಒಂದೂ ಮುಂದೆ ಹೋಗಿಲ್ಲ. ಹಳೆಯ ಅಂಕಿ ಅಳಿಯುವುದಿಲ್ಲ, ಏರದೆ ನಿಂತರೆ ಸಾಕು.

ಲ್ಯಾಪ್‌ಟಾಪ್ ಆದರೆ ಬ್ಯಾಟರಿಯ ವರದಿಯನ್ನೂ ತೆಗೆಯಿರಿ. ಕಮಾಂಡ್ ಪ್ರಾಂಪ್ಟ್ ತೆರೆದು ಪಿ-ಓ-ಡಬ್ಲ್ಯೂ-ಇ-ಆರ್-ಸಿ-ಎಫ್-ಜಿ, ಒಂದು ಸ್ಪೇಸ್, ಸ್ಲ್ಯಾಶ್, ಆಮೇಲೆ ಬ್ಯಾಟರಿರಿಪೋರ್ಟ್ ಅಂತ ಒಂದೇ ಪದವಾಗಿ ಟೈಪ್ ಮಾಡಿ. ಫೈಲ್ ಎಲ್ಲಿ ಉಳಿಯಿತು ಅಂತ ಅದೇ ಹೇಳುತ್ತದೆ. ಅದರಲ್ಲಿ ಡಿಸೈನ್ ಕೆಪಾಸಿಟಿ ಮತ್ತು ಫುಲ್ ಚಾರ್ಜ್ ಕೆಪಾಸಿಟಿ ಎರಡನ್ನು ಹೋಲಿಸಿ. ಎರಡನೆಯದು ಮೊದಲನೆಯದರ ಅರ್ಧಕ್ಕೂ ಕಡಿಮೆ ಇದ್ದರೆ ಚಾರ್ಜ್ ನಿಲ್ಲದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಬಿಸಿಯ ಅನುಮಾನ ಇದ್ದರೆ ಉಷ್ಣತೆ ತೋರಿಸುವ ಸಾಫ್ಟ್‌ವೇರ್ ಎಚ್‌ಡಬ್ಲ್ಯೂಇನ್ಫೋ ಹಾಕಿ, ತೊಂದರೆ ಬರುವ ಕೆಲಸವನ್ನೇ ಮಾಡುತ್ತ ಪ್ರೊಸೆಸರಿನ ಗರಿಷ್ಠ ಉಷ್ಣತೆ ಬರೆದುಕೊಳ್ಳಿ. ನೆಟ್ ತೊಂದರೆ ಆದರೆ ಐ-ಪಿ-ಸಿ-ಓ-ಎನ್-ಎಫ್-ಐ-ಜಿ, ಒಂದು ಸ್ಪೇಸ್, ಸ್ಲ್ಯಾಶ್, ಎ-ಎಲ್-ಎಲ್ ಕಮಾಂಡಿನ ಉತ್ತರ ಸಾಕು. ಜೊತೆಗೆ ಮೊದಲು ರೌಟರಿಗೆ, ಆಮೇಲೆ ಗೂಗಲ್‌ನವರ ವಿಳಾಸ 8.8.8.8ಕ್ಕೆ ಪಿಂಗ್ ಮಾಡಿ, ಅಂದರೆ ಉತ್ತರ ಬರುತ್ತದೆಯೇ ಅಂತ ಕೇಳಿ ನೋಡಿ. ರೌಟರೇ ಉತ್ತರ ಕೊಡದಿದ್ದರೆ ಬಹುಮಟ್ಟಿಗೆ ತೊಂದರೆ ಮನೆಯೊಳಗೇ ಇದೆ.

ಆನ್ ಆದರೂ ವಿಂಡೋಸ್ ಬರದಿದ್ದರೆ

ಆಗಲೂ ಲಾಗ್ ಡಿಸ್ಕಿನಲ್ಲೇ ಇರುತ್ತದೆ. ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಇಲ್ಲವೇ ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ ಸೇರಿಸಿ ತೆಗೆಯಬಹುದು. ವಿಂಡೋಸ್, ಅದರೊಳಗೆ ಸಿಸ್ಟಮ್32, ಅದರೊಳಗೆ ವಿನ್‌ಇವಿಟಿ, ಅದರೊಳಗೆ ಲಾಗ್ಸ್. ಅಲ್ಲಿ ಸಿಸ್ಟಮ್ ಹೆಸರಿನ ಫೈಲನ್ನು ಕಾಪಿ ಮಾಡಿ. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಆನ್ ಆಗಿದ್ದರೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಎಷ್ಟೋ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅದು ಆನ್ ಆಗಿರುವುದು ಮಾಲೀಕರಿಗೇ ಗೊತ್ತಿರುವುದಿಲ್ಲ. ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ಆ ಕೀ ಇದೆಯೇ ಅಂತ ಇವತ್ತೇ ನೋಡಿ, ಕಾಗದದಲ್ಲಿ ಬರೆದಿಡಿ. ಅದನ್ನು ಮಾತ್ರ ರಿಪೇರಿ ಫೋಲ್ಡರಿಗೆ ಹಾಕಬೇಡಿ.

ಕಳಿಸುವ ಮೊದಲು

ಫೋಲ್ಡರಿನಲ್ಲಿ ಈಗ ನಿಮ್ಮ ನೋಟ್‌ಬುಕ್ ಪುಟದ ಫೋಟೊ, ಸಿಸ್ಟಮ್ ಇನ್ಫರ್ಮೇಶನ್, ಎರಡು ಲಾಗ್, ಮಿನಿಡಂಪ್, ಡಿಸ್ಕಿನ ಫೋಟೊ ಇರುತ್ತವೆ. ಇವುಗಳಲ್ಲಿ ನಿಮ್ಮ ಕಂಪ್ಯೂಟರಿನ ಹೆಸರು, ಯೂಸರ್ ಹೆಸರು ಇದ್ದೇ ಇರುತ್ತವೆ. ನಂಬಿಕೆಯ ರಿಪೇರಿಯವರಿಗೆ ನೇರವಾಗಿ ಕೊಡಿ, ನೂರು ಜನರಿರುವ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಜಿಪ್ ಮಾಡಿ, ಹೆಸರಿನಲ್ಲಿ ದಿನಾಂಕ ಮತ್ತು ತೊಂದರೆ ಎರಡೂ ಇರಲಿ. ಫೋಟೊಗಳನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲದಿದ್ದರೆ ಅಕ್ಷರಗಳು ಮಸುಕಾಗುತ್ತವೆ.

ರಿಪೇರಿ ಆದ ಮೇಲೂ ಆ ಫೋಲ್ಡರನ್ನು ಒಂದು ತಿಂಗಳು ಇಟ್ಟಿರಿ. ಜೆರಾಕ್ಸ್ ಅಂಗಡಿಯ ಅಕ್ಕನಿಗೂ ಹಾಗೇ ಹೇಳಿದ್ದೆ. ಹದಿನೈದು ದಿನ ಬಿಟ್ಟು ಇವೆಂಟ್ ವ್ಯೂವರಿನಲ್ಲಿ ಅದೇ ಫಿಲ್ಟರ್ ಹಾಕಿ ಫೋಟೊ ಕಳಿಸಿದರು. ಬ್ಯಾಟರಿ ಬದಲಾಯಿಸಿದ ದಿನದಿಂದ ಈಚೆಗೆ 41 ಒಂದೂ ಇರಲಿಲ್ಲ. ದಿನಾ ರಾತ್ರಿ ಎಂಟರ ಆಸುಪಾಸಿಗೆ 1074 ಇತ್ತು, ಅವರೇ ಅಂಗಡಿ ಮುಚ್ಚುವಾಗ ಶಟ್‌ಡೌನ್ ಮಾಡಿದ್ದು.